ಬ್ಲಡಿವುಡ್‌ನ ಧೋಲ್, ಶಿಡ್ಲಘಟ್ಟದ ತಮಟೆ

ದೆಹಲಿಯ ಮೆಟಲ್ ತಂಡ ಬ್ಲಡಿವುಡ್ ತನ್ನ ಸ್ವಂತ ಹಾಡುಗಳ ಎರಡನೇ ಆಲ್ಬಂ 'ನು ಡೆಲ್ಲಿ'ಯನ್ನು 2025ರ ಮಾರ್ಚ್ 21ರಂದು ಹೊರತಂದಿತು. ಎಂಟೇ ಹಾಡು, ಕೇಳಿ ಮುಗಿಸಲು ಅರ್ಧ ಗಂಟೆ ಚಿಲ್ಲರೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮೆಟಲ್, ಅಂದರೆ ಗಿಟಾರ್ ಅಬ್ಬರದ ಗಟ್ಟಿ ರಾಕ್ ಸಂಗೀತ, ಕೇಳುವ ಹುಡುಗ ಹುಡುಗಿಯರು ಬೆರಳೆಣಿಕೆಯಷ್ಟು ಮಂದಿ. ಆದರೆ ಕೇಳುವವರು ಮನಸಾರೆ ಕೇಳುತ್ತಾರೆ. ಅವರ ನಡುವೆ ಈ ಆಲ್ಬಂನ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಪಂಜಾಬಿನ ಧೋಲ್ ಹಿಡಿದು ಅವರು ಜಗತ್ತು ಸುತ್ತಿ ಬಂದರು, ನಮ್ಮ ಊರಲ್ಲೇ ತಮಟೆ ಇದೆಯಲ್ಲ, ಅದನ್ನಿಟ್ಟುಕೊಂಡು ನಾವೇಕೆ ಇಂಥದ್ದೊಂದು ಮಾಡಬಾರದು?

ಮಾಡಬಹುದು. ಮಾಡಲೇಬೇಕು ಎಂದೂ ನನಗೆ ಅನಿಸುತ್ತದೆ. ಆದರೆ ಬ್ಲಡಿವುಡ್ ನಿಜಕ್ಕೂ ಏನು ಮಾಡಿದೆ ಎಂದು ಸರಿಯಾಗಿ ನೋಡದೆ ಹೊರಟರೆ, ಕಂಪ್ಯೂಟರಿನಲ್ಲಿ ಸಿಗುವ ತಮಟೆಯ ತುಣುಕೊಂದನ್ನು ಗಿಟಾರಿನ ಮೇಲೆ ಅಂಟಿಸಿ ಕೈತೊಳೆದುಕೊಳ್ಳುತ್ತೇವೆ. ಆ ತಂಡದ ಹಾಡಿನಲ್ಲಿ ಧೋಲ್‌ಗೆ ಜೀವ ಬಂದಿದ್ದು ಧೋಲ್ ನುಡಿಸುವವನು ತಂಡದವನೇ ಆಗಿ, ವೇದಿಕೆಯಲ್ಲಿ ಎದ್ದು ಕಾಣುವ ಹಾಗೆ ನಿಂತು, ಊರೂರು ಅಲೆದದ್ದರಿಂದ. ನಾವು ಕಲಿಯಬೇಕಾದ ಪಾಠ ಇದು.

ಮೊದಲು, ಬ್ಲಡಿವುಡ್ ಹಾಡುಗಳಿಗೆ ಅಡಿಪಾಯವಾದ ಮೆಟಲ್‌ಕೋರ್ ಎಂಬ ಸಂಗೀತ ಅಂದರೇನು ಎಂಬುದನ್ನು ನೋಡೋಣ. ಎಂಬತ್ತರ ದಶಕದ ಅಮೆರಿಕದಲ್ಲಿ ಹಾರ್ಡ್‌ಕೋರ್ ಪಂಕ್ ಎಂಬ ಸಂಗೀತವಿತ್ತು. ಹಾಡು ಚಿಕ್ಕದು, ವೇಗ ಜಾಸ್ತಿ, ಮಾತಿನಲ್ಲಿ ಸಿಟ್ಟು. ಅದಕ್ಕೆ ಹೆವಿ ಮೆಟಲ್‌ನ ಗಟ್ಟಿ ಗಿಟಾರ್ ಸೇರಿ ತೊಂಬತ್ತರ ದಶಕದಲ್ಲಿ ಮೆಟಲ್‌ಕೋರ್ ರೂಪುಗೊಂಡಿತು. 2002ರಲ್ಲಿ ಕಿಲ್‌ಸ್ವಿಚ್ ಎಂಗೇಜ್ ತಂಡದ 'ಅಲೈವ್ ಆರ್ ಜಸ್ಟ್ ಬ್ರೀದಿಂಗ್' ಬಂದ ಮೇಲೆ ಅದರ ಅಚ್ಚು ಹೆಚ್ಚುಕಡಿಮೆ ಖಚಿತವಾಯಿತು. ಚರಣದಲ್ಲಿ ಗಂಟಲು ಕೆರೆದು ಬರುವ ಗರ್ಜನೆ, ಪಲ್ಲವಿಯಲ್ಲಿ ಯಾರಾದರೂ ಗುನುಗಬಹುದಾದ ತಿಳಿ ದನಿ, ನಡುವೆ ಬ್ರೇಕ್‌ಡೌನ್. ಆ ತಂಡ ಹುಟ್ಟಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಸಣ್ಣ ಪಟ್ಟಣದಲ್ಲಿ. ಆಸ್ಟ್ರೇಲಿಯಾದ ಪಾರ್ಕ್‌ವೇ ಡ್ರೈವ್ ತಂಡದವರು ಬೈರನ್ ಬೇ ಎಂಬ ಕಡಲ ತೀರದ ಊರಿನವರು, ತಾವು ಅಭ್ಯಾಸ ಮಾಡುತ್ತಿದ್ದ ಮನೆಯ ಬೀದಿಯ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡವರು. ಇಂಥ ಸಂಗೀತ ಬೆಂಗಳೂರಿನಂಥ ನಗರಕ್ಕೆ ಸೇರಿದ್ದು, ನಮ್ಮಂಥ ಊರಿಗೆ ಒಗ್ಗದು ಎನ್ನುವವರು ಈ ಊರುಗಳನ್ನು ನೆನಪಿಟ್ಟುಕೊಳ್ಳಬೇಕು.

ಬ್ರೇಕ್‌ಡೌನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಧೋಲ್‌ನ ಕಥೆ ಇರುವುದೇ ಅಲ್ಲಿ. ಓಡುತ್ತಿದ್ದ ಹಾಡು ಒಮ್ಮೆಲೇ ಅರ್ಧ ವೇಗಕ್ಕೆ ಇಳಿಯುತ್ತದೆ. ಗಿಟಾರ್ ರಾಗ ಬಿಟ್ಟು ಬರೀ ಪೆಟ್ಟಾಗುತ್ತದೆ. ತಂತಿಯನ್ನು ಅಂಗೈಯಿಂದ ಅದುಮಿ ಹಿಡಿದು, ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಿನ ಜೊತೆ ಒಂದೇ ಹೊತ್ತಿಗೆ ಹೊಡೆಯುತ್ತಾರೆ. ಎರಡು ಪೆಟ್ಟಿನ ನಡುವಿನ ಮೌನಕ್ಕೂ ಪೆಟ್ಟಿನಷ್ಟೇ ತೂಕ. ಮುಂದೆ ನಿಂತ ಜನ ಕುಣಿಯುವುದು ಈ ಹೊತ್ತಿಗಾಗಿಯೇ. ಆ ಗಳಿಗೆಯಲ್ಲಿ ಇಡೀ ತಂಡ ಒಂದೇ ತಾಳವಾದ್ಯವಾಗಿಬಿಡುತ್ತದೆ. ಹಾಗಿರುವಾಗ ನಿಜವಾದ ತಾಳವಾದ್ಯವೊಂದು ಒಳಗೆ ಬಂದರೆ ಅದಕ್ಕೆ ಜಾಗ ತಾನಾಗಿಯೇ ಸಿಗುತ್ತದೆ.

ಬ್ಲಡಿವುಡ್ ಅಪ್ಪಟ ಮೆಟಲ್‌ಕೋರ್ ತಂಡ ಅಲ್ಲ. ಅದರ ಸಂಗೀತದಲ್ಲಿ ರ‍್ಯಾಪ್ ಇದೆ, ತೊಂಬತ್ತರ ದಶಕದ ಕೊನೆಯಲ್ಲಿ ಮೆರೆದ ನು ಮೆಟಲ್‌ನ ಕುಣಿಸುವ ಗುಣ ಇದೆ, ಪಂಜಾಬಿನ ಜನಪದ ಇದೆ. ಆದರೆ ಗರ್ಜನೆ, ತಿಳಿ ಪಲ್ಲವಿ, ಬ್ರೇಕ್‌ಡೌನ್ ಎಂಬ ಮೂರು ಕಂಬಗಳು ಹಾಗೆಯೇ ನಿಂತಿವೆ. ಜಯಂತ್ ಭಡೂಲಾ ಗರ್ಜಿಸುವುದೂ ಹಾಡುವುದೂ ಹಿಂದಿ ಮತ್ತು ಪಂಜಾಬಿಯಲ್ಲಿ. ರಾವುಲ್ ಕೆರ್ ಇಂಗ್ಲಿಷಿನಲ್ಲಿ ರ‍್ಯಾಪ್ ಮಾಡುತ್ತಾರೆ. ಕರಣ್ ಕಟಿಯಾರ್ ಗಿಟಾರ್ ಮತ್ತು ಕೊಳಲು ನುಡಿಸಿ ಸಂಗೀತವನ್ನೆಲ್ಲ ಕಟ್ಟುತ್ತಾರೆ. ವೇದಿಕೆಯ ಮೇಲೆ ಇವರ ಜೊತೆಗೆ ಡ್ರಮ್ಸ್, ಬೇಸ್, ಮತ್ತು ಧೋಲ್ ಹಿಡಿದ ಸಾರ್ಥಕ್ ಪಾಹವಾ.

ಧೋಲ್‌ಗೆ ಎರಡು ಮುಖ. ಒಂದು ಕಡೆ ಬಾಗಿದ ದಪ್ಪ ಕೋಲಿನಿಂದ ಹೊಡೆದರೆ ಗುಡುಗಿನಂಥ ತಗ್ಗು ದನಿ. ಇನ್ನೊಂದು ಕಡೆ ತೆಳು ಬೆತ್ತದ ಕಡ್ಡಿಯಿಂದ ಹೊಡೆದರೆ ಚಟಚಟನೆ ಸಿಡಿಯುವ ದನಿ. ಮೆಟಲ್‌ಗೆ ಇದನ್ನು ಸೇರಿಸುವುದು ಹೊರಗಿನಿಂದ ಕಾಣುವಷ್ಟು ಸಲೀಸಲ್ಲ. ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಈಗಿನ ಮೆಟಲ್ ತಂಡಗಳು ಅದನ್ನು ಇನ್ನೂ ಸಡಿಲಿಸಿ 55 ಹರ್ಟ್ಜ್‌ವರೆಗೂ ಇಳಿಸುತ್ತವೆ. ಬೇಸ್ ಗಿಟಾರ್ ಇರುವುದು ಅದಕ್ಕೂ ಕೆಳಗೆ, ಕಾಲಿನ ಡ್ರಮ್ಮೂ ಅಲ್ಲೇ. ಧೋಲ್‌ನ ದಪ್ಪ ಮುಖದ ದನಿಯೂ ಅದೇ ಕೇರಿಗೆ ಬಂದು ಕೂತರೆ ನಾಲ್ಕೂ ಸೇರಿ ಬರೀ ಗುಂಯ್‌ಗುಡುವ ಮುದ್ದೆಯಾಗುತ್ತದೆ. ಅದನ್ನು ಬಿಡಿಸಲು ಇರುವ ದಾರಿ, ಯಾವ ಪೆಟ್ಟಿನಲ್ಲಿ ಯಾರು ಮುಂದೆ ಬರಬೇಕು, ಯಾರು ಸುಮ್ಮನಿರಬೇಕು ಎಂದು ಹಾಡು ಕಟ್ಟುವಾಗಲೇ ತೀರ್ಮಾನಿಸುವುದು. ಈ ತಂಡದ ಹಾಡುಗಳಲ್ಲಿ ಕಿವಿಗೊಟ್ಟು ಕೇಳಿದರೆ, ಗಿಟಾರ್ ಒತ್ತರಿಸಿ ಬಂದಾಗ ಧೋಲ್‌ನ ತೆಳು ಕಡ್ಡಿಯ ದನಿ ಮೇಲೆ ತೇಲುತ್ತದೆ. ಗಿಟಾರ್ ತಡೆದು ನಿಂತ ಕಡೆ ದಪ್ಪ ಮುಖ ಮಾತಾಡುತ್ತದೆ. ಇಂಥ ಹೊಂದಾಣಿಕೆ ಜೊತೆಯಲ್ಲಿ ಕೂತು ನುಡಿಸುವವರಿಗೆ ಮಾತ್ರ ದಕ್ಕುತ್ತದೆ.

ತಾಳದ ಲೆಕ್ಕವೂ ಅವರಿಗೆ ಅನುಕೂಲವಾಗಿಯೇ ಇದೆ. ಪಂಜಾಬಿನ ಭಾಂಗ್ಡಾ ಕುಣಿತಕ್ಕೆ ಧೋಲ್ ನುಡಿಸುವ 'ಚಾಲ್' ಎಂಬ ತಾಳ ಎಂಟು ಎಣಿಕೆಯ ನಡೆ. ಮೆಟಲ್‌ಕೋರ್‌ನ ಬಹುಪಾಲು ಹಾಡುಗಳು ನಾಲ್ಕರ ಎಣಿಕೆಯಲ್ಲಿವೆ. ಒಂದರ ಮೇಲೊಂದು ಇಟ್ಟರೆ ಸಂದಿ ಬರದೆ ಕೂರುತ್ತವೆ. ನಮ್ಮ ತಮಟೆಯ ವಿಷಯಕ್ಕೆ ಬಂದಾಗ ಈ ಲೆಕ್ಕ ಬೇರೆಯೇ ಆಗುತ್ತದೆ.

ತಂಡದ ಹಾದಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಶುರುವಾಗಿದ್ದು 2016ರಲ್ಲಿ, ಕಾರ್ಪೊರೇಟ್ ವಕೀಲಿಕೆ ಬಿಟ್ಟು ಬಂದ ಕಟಿಯಾರ್ ಮತ್ತು ಭಡೂಲಾ ಇಬ್ಬರಿಂದ. ಆಗ ಜನಪ್ರಿಯ ಹಾಡುಗಳನ್ನು ಮೆಟಲ್‌ಗೆ ಹೊರಳಿಸಿ ನಗಿಸುವ ವಿಡಿಯೊಗಳೇ ಅವರ ಕಸುಬು. 2019ರಲ್ಲಿ ಸ್ವಂತ ಹಾಡುಗಳು ಬಂದವು. ಖಿನ್ನತೆಯ ಬಗ್ಗೆ ಒಂದು ಹಾಡು ಮಾಡಿ, ಅದರ ಜೊತೆಗೇ ಅಭಿಮಾನಿಗಳಿಗೆ ಆನ್‌ಲೈನ್ ಆಪ್ತಸಮಾಲೋಚನೆಯನ್ನೂ ಉಚಿತವಾಗಿ ಕೊಡಿಸಿದರು. ನಗಿಸುತ್ತಿದ್ದವರು ಗಂಭೀರವಾದದ್ದು ಆ ವರ್ಷವೇ. ಅದೇ ವರ್ಷ ಯುರೋಪ್ ಪ್ರವಾಸ, ಆಗಸ್ಟಿನಲ್ಲಿ ಜರ್ಮನಿಯ ವಾಕನ್ ಉತ್ಸವ. 2022ರ ಫೆಬ್ರವರಿಯಲ್ಲಿ ಹತ್ತು ಹಾಡುಗಳ 'ರಕ್ಷಕ್' ಆಲ್ಬಂ, ಯಾವ ಕಂಪನಿಯ ಬೆಂಬಲವೂ ಇಲ್ಲದೆ. ಅದೇ ಬೇಸಿಗೆಯಲ್ಲಿ ಜಪಾನಿನ ಫುಜಿ ರಾಕ್ ಉತ್ಸವ. 2024ರಲ್ಲಿ 'ಮಂಕಿ ಮ್ಯಾನ್' ಸಿನಿಮಾದಲ್ಲಿ ಅವರ ಹಾಡು ಬಂತು, ಅಮೆರಿಕದ ಫಿಯರ್‌ಲೆಸ್ ರೆಕಾರ್ಡ್ಸ್ ಜೊತೆ ಒಪ್ಪಂದವೂ ಆಯಿತು. 'ನು ಡೆಲ್ಲಿ' ಬಂದದ್ದು ಆ ಕಂಪನಿಯಿಂದ.

ವಾಕನ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಜಗತ್ತಿನ ಅತಿ ದೊಡ್ಡ ಮೆಟಲ್ ಉತ್ಸವಗಳಲ್ಲಿ ಒಂದು ನಡೆಯುವುದು ಉತ್ತರ ಜರ್ಮನಿಯ ಒಂದು ಹಳ್ಳಿಯಲ್ಲಿ. ಅಲ್ಲಿನ ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಸುತ್ತ ಹೊಲ, ಹುಲ್ಲುಗಾವಲು, ಹಸು. 1990ರಲ್ಲಿ ಊರಿನ ಇಬ್ಬರು ಗೆಳೆಯರು ಜಲ್ಲಿ ತೆಗೆದ ಹಳ್ಳವೊಂದರಲ್ಲಿ ವೇದಿಕೆ ಹಾಕಿ ಶುರುಮಾಡಿದಾಗ ಬಂದವರು ಎಂಟುನೂರು ಜನರಷ್ಟು. ಈಗ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ಆ ಉತ್ಸವದಲ್ಲಿ ಹಳ್ಳಿಯ ಅಗ್ನಿಶಾಮಕ ದಳದ ವಾದ್ಯವೃಂದವೂ ನುಡಿಸುತ್ತದೆ, ಹಿತ್ತಾಳೆಯ ತುತ್ತೂರಿ, ಡ್ರಮ್ ಹಿಡಿದ ಊರಿನವರೇ. ಕಪ್ಪು ಟೀ ಶರ್ಟಿನ ಜನಸಾಗರ ಅವರನ್ನು ಕೂಗಿ ಸ್ವಾಗತಿಸುತ್ತದೆ. ನಂದಿ ಬೆಟ್ಟದ ಬುಡದ ದ್ರಾಕ್ಷಿ ತೋಟಗಳ ನಡುವೆ, ಡೇರಿಗೆ ಹಾಲು ಹಾಕಿ ಬದುಕುವ ನಮ್ಮ ಜಿಲ್ಲೆಯವರಿಗೆ ಇದು ತೀರಾ ಪರಕೀಯ ಚಿತ್ರವೇನಲ್ಲ. ಜಾತ್ರೆ ನಡೆಸಿ ಗೊತ್ತಿರುವ ಊರುಗಳು ನಮ್ಮವು. ಸಾವಿರಾರು ಜನರಿಗೆ ನೀರು, ನೆರಳು, ಊಟ ಹೊಂದಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಆಲ್ಬಂ. 'ನು ಡೆಲ್ಲಿ' ಕೇಳಿದ ಕೂಡಲೇ ಗೊತ್ತಾಗುವುದು, ಇದು ವೇದಿಕೆ ಕಂಡು ಬಂದವರ ಕೆಲಸ ಎಂದು. 'ರಕ್ಷಕ್'ನಲ್ಲಿ ಹಾಡುಗಳು ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ವಿಡಿಯೊಗಳಿಗಾಗಿ ಹುಟ್ಟಿದವು. ಒಂದೊಂದೂ ಒಂದೊಂದು ಸಾಮಾಜಿಕ ವಿಷಯವನ್ನು ಹಿಡಿದು ನಿಂತಿತ್ತು. ಧರ್ಮದ ಹೆಸರಿನಲ್ಲಿ ಜನರನ್ನು ಒಡೆಯುವ ರಾಜಕಾರಣ, ಶಾಲೆಯಲ್ಲಿ ಮಕ್ಕಳು ಅನುಭವಿಸುವ ಕಿರುಕುಳ, ಲೈಂಗಿಕ ದೌರ್ಜನ್ಯ ಎಲ್ಲವೂ ಇತ್ತು. ಹೊಸ ಆಲ್ಬಂನಲ್ಲಿ ಆರಂಭದ 'ಹಲ್ಲಾ ಬೋಲ್' ಆ ಹಳೆಯ ಸಿಟ್ಟನ್ನು ಹಿಡಿದಿದೆ. ಮುಂದೆ ಹೋದಂತೆ ಹಾಡುಗಳು ತಮ್ಮ ಊರಿನ ಕಡೆ, ಊಟದ ಕಡೆ, ಎದೆಯ ಬಡಿತದ ಕಡೆ ತಿರುಗುತ್ತವೆ. 'ತಡ್ಕಾ' ನಮ್ಮ ದೇಶದ ಅಡುಗೆಯ ಮೇಲಿನ ಪ್ರೀತಿಗೇ ಮೀಸಲಾದ ಹಾಡು. ಕೊನೆಯಲ್ಲಿ ಬರುವ ಶೀರ್ಷಿಕೆ ಗೀತೆ ದೆಹಲಿಯ ಬಗ್ಗೆ, ಅದರ ಒರಟುತನದ ಬಗ್ಗೆ, ಆ ನಗರ ತಮ್ಮನ್ನು ಹೇಗೆ ಬೆಳೆಸಿತು ಎಂಬ ಬಗ್ಗೆ.

ಶಬ್ದದ ಗುಣಮಟ್ಟದಲ್ಲಿ ಇದು ಹಿಂದಿನದಕ್ಕಿಂತ ಬಹಳ ಮುಂದಿದೆ. ಗಿಟಾರ್‌ನ ಭಾರ ಮತ್ತು ಧೋಲ್‌ನ ಹೊಡೆತ ಒಂದನ್ನೊಂದು ನುಂಗುವುದಿಲ್ಲ. ಹಾಡುಗಳು ಬಿಗಿಯಾಗಿವೆ, ಎಲ್ಲೂ ಎಳೆದಾಡಿಲ್ಲ. 'ಬೇಖೌಫ್' ಹಾಡಿನಲ್ಲಿ ಜಪಾನಿನ ಬೇಬಿಮೆಟಲ್ ತಂಡದ ಹುಡುಗಿಯರ ದನಿ ಸೇರಿದೆ. ಭಡೂಲಾ ಅವರ ಗರ್ಜನೆಯ ಪಕ್ಕದಲ್ಲಿ ಆ ಎಳೆ ದನಿ ಬಂದಾಗ ಹಾಡಿಗೆ ಬೇರೆಯೇ ಹೊಳಪು ಬರುತ್ತದೆ. ಆದರೂ ನನ್ನ ಮನಸ್ಸಿಗೆ ಒಂದು ಕೊರತೆ ಕಾಡುತ್ತದೆ. ಪಲ್ಲವಿಗಳು ಬಹುತೇಕ ಒಂದು ಮಾತು, ಎರಡು ಮಾತಿನ ಘೋಷಣೆಗಳಾಗಿವೆ. ಹಿಂದಿ ಬಾರದ ಜರ್ಮನಿಯವರೂ ಟೆಕ್ಸಾಸಿನವರೂ ಒಂದೇ ಸಲಕ್ಕೆ ಕಲಿತು ಕೂಗಬಹುದು. ಉತ್ಸವದ ಮೈದಾನದಲ್ಲಿ ಅದು ಅದ್ಭುತವಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಹತ್ತನೇ ಸಲ ಕೇಳುವಾಗ, 'ರಕ್ಷಕ್'ನ ಹಾಡುಗಳು ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದ ರೀತಿ ನೆನಪಾಗುತ್ತದೆ. ಪ್ರವಾಸ ಈ ತಂಡಕ್ಕೆ ಶಕ್ತಿ ಕೊಟ್ಟಿದೆ, ಜೊತೆಗೆ ಹಾಡಿನ ಮಾತನ್ನು ಸ್ವಲ್ಪ ತೆಳುವಾಗಿಸಿಯೂ ಇದೆ.

ಚಿಕ್ಕಬಳ್ಳಾಪುರದ ಕಡೆಯ ಕೇಳುಗರಿಗೆ ಹಿಂದಿ, ಪಂಜಾಬಿ ಬಾರದಿರುವುದು ಒಂದು ಅಡ್ಡಿಯೇ ಅಲ್ಲ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ, ಸಿನಿಮಾ ಎರಡೂ. ಒಂದು ಹಾಡಿನ ಮಾತು ಪೂರ್ತಿ ತಿಳಿಯದೆಯೂ ಅದನ್ನು ತಮ್ಮದಾಗಿಸಿಕೊಳ್ಳುವ ರೂಢಿ ಇಲ್ಲಿನವರಿಗೆ ಹುಟ್ಟಿನಿಂದ ಬಂದಿದೆ. ಆ ಕಾರಣಕ್ಕೇ ಇಲ್ಲಿಂದ ಹುಟ್ಟುವ ಮೆಟಲ್ ಹಾಡು ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲದು ಎಂಬ ಆಸೆ ನನಗಿದೆ.

ಈಗ ಪ್ರವಾಸದ ಲೆಕ್ಕಾಚಾರ. ಆನ್‌ಲೈನಿನಲ್ಲಿ ಹಾಡು ಕೇಳುವುದರಿಂದ ಬರುವ ಹಣ ಇಂಥ ತಂಡಗಳ ಹೊಟ್ಟೆ ತುಂಬಿಸುವುದಿಲ್ಲ. ಬದುಕು ನಡೆಯುವುದು ಟಿಕೆಟ್‌ನಿಂದ, ಕಾರ್ಯಕ್ರಮದ ಹೊರಗೆ ಮೇಜು ಹಾಕಿ ಮಾರುವ ಟೀ ಶರ್ಟಿನಿಂದ. ಹಾಗಾಗಿ ಆಲ್ಬಂ ಬಂದ ಮೇಲೆ ಊರೂರು ತಿರುಗಲೇಬೇಕು. ಬ್ಲಡಿವುಡ್ ಕೂಡ 2025ರ ಬೇಸಿಗೆಯಲ್ಲಿ ಬೇಬಿಮೆಟಲ್‌ನ ಉತ್ತರ ಅಮೆರಿಕ ಪ್ರವಾಸದಲ್ಲಿ ಮೊದಲು ವೇದಿಕೆ ಏರುವ ತಂಡಗಳಲ್ಲಿ ಒಂದಾಗಿ ಹೋಯಿತು. ಯುರೋಪಿನ ತಂಡವೊಂದು ವ್ಯಾನಿನಲ್ಲಿ ಸಾಮಾನು ತುಂಬಿ ನಾಲ್ಕು ದೇಶ ದಾಟಿ ಬರಬಲ್ಲದು. ಭಾರತದ ತಂಡಕ್ಕೆ ಆ ಸೌಕರ್ಯವಿಲ್ಲ. ಯುರೋಪಿಗೆ ಷೆಂಗೆನ್ ವೀಸಾ, ಬ್ರಿಟನ್‌ಗೆ ಬೇರೆ, ಅಮೆರಿಕಕ್ಕೆ ಮತ್ತೂ ಬೇರೆ. ಅಮೆರಿಕದ ಕಲಾವಿದರ ವೀಸಾಕ್ಕೆ ಸಲ್ಲಿಸಬೇಕಾದ ಅರ್ಜಿಯ ಶುಲ್ಕ 460 ಡಾಲರ್ ಇದ್ದದ್ದು 2024ರ ಏಪ್ರಿಲ್ 1ರಿಂದ ದೊಡ್ಡ ಸಂಸ್ಥೆಗಳಿಗೆ ಸಾವಿರದ ಮೇಲಾಯಿತು. ಅದು ಬರೀ ಅರ್ಜಿಗೆ; ವಿಮಾನ, ವಸತಿ, ವಾದ್ಯಗಳ ಸಾಗಣೆ ಆಮೇಲಿನ ಮಾತು. ಆರು ಜನರ ತಂಡದಲ್ಲಿ ಒಬ್ಬನ ಖರ್ಚು ಉಳಿಸಬೇಕೆಂದರೆ ಮೊದಲು ಕೈಬಿಡುವುದು ಯಾರನ್ನು? ಧೋಲ್‌ನ ದನಿಯನ್ನು ಕಂಪ್ಯೂಟರಿನಿಂದ ನುಡಿಸಿ ಸಾಗಿಸಬಹುದಿತ್ತು. ಎಷ್ಟೋ ತಂಡಗಳು ಕೊಳಲು, ಪಿಟೀಲನ್ನೆಲ್ಲ ಹಾಗೆಯೇ ಸಾಗಿಸುತ್ತವೆ. ಇವರು ಹಾಗೆ ಮಾಡಲಿಲ್ಲ. ಧೋಲ್‌ನವನಿಗೂ ವೀಸಾ ಮಾಡಿಸಿದರು, ಟಿಕೆಟ್ ತೆಗೆದರು, ವೇದಿಕೆಯ ಮುಂಸಾಲಿನಲ್ಲಿ ನಿಲ್ಲಿಸಿದರು. ವಾಕನ್‌ನಲ್ಲಿ, ಫುಜಿಯಲ್ಲಿ ಜನ ಎಗರಿ ಬಿದ್ದು ಕುಣಿದದ್ದು ಧೋಲ್ ಹೊತ್ತವನನ್ನು ಕಣ್ಣಾರೆ ನೋಡುತ್ತ.

ನಮ್ಮ ಕಡೆಯವರಿಗೆ ಇಂಥ ಸಂಗೀತವನ್ನು ಎದುರು ನಿಂತು ಕೇಳುವ ಅವಕಾಶ ಸಿಕ್ಕಿದ್ದು ಬೆಂಗಳೂರಿನಿಂದ. 2007ರ ಮಾರ್ಚ್ 17ರಂದು ಐರನ್ ಮೇಡನ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ, ಮೂರೂ ಅರಮನೆ ಮೈದಾನದಲ್ಲಿ. ಬಳ್ಳಾರಿ ರಸ್ತೆಯಲ್ಲಿ ಇಳಿದರೆ ಆ ಮೈದಾನ ಚಿಕ್ಕಬಳ್ಳಾಪುರದವರಿಗೆ ನಗರದ ಹೆಬ್ಬಾಗಿಲಲ್ಲೇ ಸಿಗುತ್ತದೆ, ಮೆಜೆಸ್ಟಿಕ್‌ವರೆಗೂ ಹೋಗಬೇಕಿಲ್ಲ. ಕಷ್ಟ ಇರುವುದು ವಾಪಸು ಬರುವಾಗ. ರಾತ್ರಿ ಹತ್ತಕ್ಕೆ ಕಾರ್ಯಕ್ರಮ ಮುಗಿಸಿ, ಜನಜಂಗುಳಿಯಿಂದ ಹೊರಬಿದ್ದು, ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಹೈದರಾಬಾದ್ ಕಡೆಯ ಬಸ್ಸಿಗೆ ಕೈ ಅಡ್ಡ ಹಾಕಿ ನಿಲ್ಲುವುದು ಹುಡುಗರಿಗೇ ಕಷ್ಟ. ಹುಡುಗಿಯರನ್ನು ಮನೆಯವರು ಕಳಿಸುವುದೇ ಇಲ್ಲ. ಮೆಟಲ್ ಕೇಳುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಇದ್ದಾರೆ, ಆದರೆ ಅವರು ಇಯರ್‌ಫೋನಿನ ಆಚೆ ಒಂದೇ ಒಂದು ಕಾರ್ಯಕ್ರಮ ಕಂಡಿಲ್ಲ. ಸ್ಥಳೀಯವಾಗಿ ಏನಾದರೂ ಆಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೂ ಹೌದು.

ಹಾಗಾದರೆ ತಮಟೆ.

ತಮಟೆಯನ್ನು ಹತ್ತಿರದಿಂದ ನೋಡದವರಿಗೆ ಅದು ಬರೀ ಗದ್ದಲ. ಹತ್ತಿರ ಹೋಗಿ ನೋಡಿ. ಜಾತ್ರೆಯ ಸಂಜೆ ನುಡಿಸುವ ಮೊದಲು ಒಣ ಹುಲ್ಲನ್ನೋ ಹಳೆಯ ಪೇಪರನ್ನೋ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ತಮಟೆಯ ಚರ್ಮದ ಮುಖವನ್ನು ಆ ಉರಿಯ ಮುಂದೆ ಹಿಡಿದು, ಮೆಲ್ಲಗೆ ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ಕೇಳುತ್ತಾರೆ. ಮೊದಲು ದಬ್ ದಬ್ ಎನ್ನುತ್ತಿದ್ದದ್ದು ಬಿಸಿಯೇರಿದಂತೆ ಬಿಗಿದು ಟಣ್ ಎನ್ನತೊಡಗುತ್ತದೆ. ಒಂದು ಕ್ಷಣ ಹೆಚ್ಚಾದರೆ ಚರ್ಮ ಸುಡುತ್ತದೆ, ಕಡಿಮೆಯಾದರೆ ದನಿ ಏಳುವುದಿಲ್ಲ. ಮಂಜು ಬೀಳುವ ರಾತ್ರಿಯಲ್ಲಿ ಅರ್ಧ ಗಂಟೆಗೊಮ್ಮೆ ಮತ್ತೆ ಕಾಯಿಸಬೇಕು. ಆಮೇಲೆ ಹೆಗಲಿಗೆ ನೇತು ಹಾಕಿಕೊಂಡು, ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ತೆಳು ಕಡ್ಡಿ. ಒಂದು ಪೆಟ್ಟು ಕೊಡುತ್ತದೆ, ಇನ್ನೊಂದು ಅದರ ಸುತ್ತ ಕಸೂತಿ ಹಾಕುತ್ತದೆ. ನುಡಿಸುವವರು ನಿಂತಲ್ಲಿ ನಿಲ್ಲುವುದಿಲ್ಲ, ಬಾಗುತ್ತಾರೆ, ಸುತ್ತುತ್ತಾರೆ, ಹೆಜ್ಜೆ ಹಾಕುತ್ತಾರೆ. ಈಗೀಗ ಫೈಬರ್ ಹಾಳೆಯ ತಮಟೆಗಳು ಬಂದಿವೆ, ಅವಕ್ಕೆ ಬೆಂಕಿ ಬೇಡ. ದನಿ ಮಾತ್ರ ಒಂದೇ ತೆರ.

ಈ ವಾದ್ಯಕ್ಕೆ ದೇಶದ ಮಟ್ಟದ ಗೌರವ ತಂದವರು ನಮ್ಮ ಜಿಲ್ಲೆಯವರೇ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ವಾದನಕ್ಕಾಗಿಯೇ. ಹದಿಹರೆಯದಲ್ಲಿ ಹಿಡಿದ ಕೋಲನ್ನು ಎಪ್ಪತ್ತು ದಾಟಿದರೂ ಬಿಡದ ಹಿರಿಯರು ಅವರು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ಹೆಸರು ತಮಟೆಯಿಂದ ರಾಷ್ಟ್ರಪತಿ ಭವನ ಮುಟ್ಟಿತು ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ.

ಆದರೆ ಹೆಮ್ಮೆಯ ಮಾತಾಡಿ ಮುಂದೆ ಹೋಗುವಂತಿಲ್ಲ. ಪಂಜಾಬಿನ ಧೋಲ್ ಎಂದರೆ ಜನರ ಮನಸ್ಸಿಗೆ ಬರುವುದು ಮದುವೆ, ಸುಗ್ಗಿ, ಸಂಭ್ರಮ. ತಮಟೆಯ ಹಿಂದೆ ಬೇರೆಯೇ ಚರಿತ್ರೆ ಇದೆ. ದಲಿತ ಸಮುದಾಯಗಳ ಹೆಗಲಿಗೆ ಜಾತಿ ಹೊರಿಸಿದ ಬಿಟ್ಟಿ ಚಾಕರಿಯ ಭಾಗವಾಗಿ ಅದು ಬಂತು. ಊರಿಗೆ ಡಂಗುರ ಸಾರಲು, ಸಾವಿನ ಮುಂದೆ ನಡೆಯಲು, ದೇವರ ಮೆರವಣಿಗೆಯಲ್ಲಿ ಬಡಿಯಲು ಅದೇ ಜನ ಬೇಕಿತ್ತು. ಅದೇ ದೇವರ ಗುಡಿಯೊಳಗೆ ಅವರಿಗೆ ಪ್ರವೇಶವಿರಲಿಲ್ಲ. ಎಪ್ಪತ್ತರ ದಶಕದಲ್ಲಿ ದಲಿತ ಚಳವಳಿ ಎದ್ದಾಗ ಎರಡು ಬಗೆಯ ಉತ್ತರ ಬಂತು. ಕೆಲವರು ಇನ್ನು ತಮಟೆ ಮುಟ್ಟುವುದಿಲ್ಲ ಎಂದು ನಿರಾಕರಿಸಿದರು. ಇನ್ನು ಕೆಲವರು ಅದೇ ತಮಟೆಯನ್ನು ಹೋರಾಟದ ಜಾಥಾಗಳಿಗೆ ತಂದು, ಹಾಡಿನ ಜೊತೆ ಬಾರಿಸಿದರು. ಎರಡಕ್ಕೂ ತಮ್ಮದೇ ನ್ಯಾಯವಿದೆ. ಕೋಲಾರದ ಬೆಟ್ಟದ ಮೇಲೆ ತೇರಹಳ್ಳಿಯ ಬಳಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಕೇಂದ್ರ, ಹುಣ್ಣಿಮೆ ರಾತ್ರಿಗಳಲ್ಲಿ ಹಾಡು, ನಾಟಕಗಳ ಮೂಲಕ ಈ ನೆಲದ ಕಲೆಯನ್ನು ಬೇರೊಂದು ಘನತೆಯಲ್ಲಿ ನಿಲ್ಲಿಸಿ ತೋರಿಸಿತು.

ಹೀಗಿರುವಾಗ ಮೆಟಲ್ ತಂಡವೊಂದು ಖಾರಕ್ಕೆ ಇರಲಿ ಎಂದು ತಮಟೆಯ ಹತ್ತು ಸೆಕೆಂಡಿನ ತುಣುಕನ್ನು ಹಾಡಿಗೆ ಸೇರಿಸಿದರೆ ಅದು ಹಳೆಯ ಅನ್ಯಾಯವನ್ನೇ ಹೊಸ ಬಟ್ಟೆಯಲ್ಲಿ ಮುಂದುವರಿಸಿದ ಹಾಗೆ. ದನಿ ಬೇಕು, ದನಿ ಕೊಟ್ಟವರು ಬೇಡ. ಈ ಮಾತನ್ನು ನಾನು ಕಟುವಾಗಿಯೇ ಹೇಳುತ್ತೇನೆ, ಏಕೆಂದರೆ ಇಂಥ ತುಣುಕುಗಳು ಇವತ್ತು ಮೊಬೈಲಿನಲ್ಲೇ ಸಿಗುತ್ತವೆ, ಆಸೆ ಬಹಳ ಸುಲಭ.

ಇದನ್ನು ಸರಿಯಾಗಿ ಮಾಡಿದವರ ಉದಾಹರಣೆ ಜಗತ್ತಿನಲ್ಲಿದೆ. ಬ್ರೆಜಿಲ್‌ನ ಸೆಪಲ್ಟುರಾ ತಂಡ 1996ರ 'ರೂಟ್ಸ್' ಆಲ್ಬಂಗಾಗಿ ಶವಾಂಟೆ ಬುಡಕಟ್ಟಿನ ಹಳ್ಳಿಗೇ ಹೋಗಿ, ಅಲ್ಲಿನವರ ಜೊತೆ ಕೂತು ಧ್ವನಿಮುದ್ರಣ ಮಾಡಿಕೊಂಡಿತು. ನ್ಯೂಜಿಲೆಂಡಿನ ವೈಪು ಎಂಬ ಪುಟ್ಟ ಊರಿನ ಏಲಿಯನ್ ವೆಪನ್ರಿ ತಂಡದ ಅಣ್ಣತಮ್ಮಂದಿರು ಅಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಕಲಿತ ಹುಡುಗರು, ಆ ಭಾಷೆಯಲ್ಲೇ ತಮ್ಮ ಪೂರ್ವಿಕರ ಯುದ್ಧದ ಕಥೆ ಹಾಡಿ 2018ರಲ್ಲಿ ಮೊದಲ ಆಲ್ಬಂ ತಂದರು. ಮೊದಲನೆಯದರಲ್ಲಿ ಹೊರಗಿನವರು ಮನೆ ಬಾಗಿಲಿಗೆ ಹೋದರು, ಎರಡನೆಯದರಲ್ಲಿ ಮನೆಯವರೇ ಗಿಟಾರ್ ಹಿಡಿದರು. ನಮ್ಮಲ್ಲಿ ಎರಡನೆಯದು ಆಗಲಿ ಎಂಬುದು ನನ್ನ ಮನದಾಳದ ಬಯಕೆ. ತಮಟೆಯ ಮನೆಯಲ್ಲಿ ಹುಟ್ಟಿದ ಹುಡುಗನೋ ಹುಡುಗಿಯೋ ತಂಡ ಕಟ್ಟಿ, ಏನು ಹಾಡಬೇಕು, ಏನು ಹಾಡಬಾರದು ಎಂದು ತಾವೇ ತೀರ್ಮಾನಿಸುವುದು. ಮೆಟಲ್‌ಕೋರ್‌ನ ಗರ್ಜನೆಗೆ ಇದಕ್ಕಿಂತ ತಕ್ಕ ಬಾಯಿ ಎಲ್ಲಿ ಸಿಕ್ಕೀತು?

ಸಂಗೀತದ ದೃಷ್ಟಿಯಿಂದ ಕೆಲಸ ಧೋಲ್‌ಗಿಂತ ಕಠಿಣ, ಹಾಗಾಗಿ ಹೆಚ್ಚು ಆಸಕ್ತಿಯದೂ ಹೌದು. ತಮಟೆಗೆ ಒಂದೇ ಮುಖ. ಧೋಲ್‌ನ ಗುಡುಗು ಅದಕ್ಕಿಲ್ಲ, ಅದರ ಶಕ್ತಿಯೆಲ್ಲ ಮೇಲಿನ ಚುರುಕು ದನಿಯಲ್ಲಿದೆ. ಡ್ರಮ್ಸ್‌ನಲ್ಲಿ ಅದೇ ಜಾಗ ಸ್ನೇರ್ ಡ್ರಮ್ ಮತ್ತು ಸಿಂಬಲ್‌ಗಳದು. ಆದ್ದರಿಂದ ತಮಟೆ ಬಂದರೆ ಸ್ನೇರ್ ಹಿಂದೆ ಸರಿಯಬೇಕು, ಕೆಲವು ಕಡೆ ಪೂರ್ತಿ ಸುಮ್ಮನಾಗಬೇಕು. ಇನ್ನೊಂದು, ತಾಳ. ನಮ್ಮ ತಮಟೆಯ ಕುಣಿಸುವ ಏಟುಗಳು ಹೆಚ್ಚಾಗಿ ಆರರ ಎಣಿಕೆಯಲ್ಲಿ, ತಿಶ್ರ ನಡೆಯಲ್ಲಿ ಉರುಳುತ್ತವೆ. ಅದನ್ನು ನಾಲ್ಕರ ಚೌಕಟ್ಟಿಗೆ ಹಿಂಡಿ ಕೂರಿಸಿದರೆ ಉರುಳುವ ಗುಣವೇ ಸತ್ತುಹೋಗುತ್ತದೆ. ಇಲ್ಲಿ ಬಗ್ಗಬೇಕಾದದ್ದು ಗಿಟಾರ್. ಬ್ರೇಕ್‌ಡೌನ್‌ನ ಪೆಟ್ಟುಗಳನ್ನೇ ಆರರ ಲೆಕ್ಕದಲ್ಲಿ ಕಟ್ಟಿ, ತಮಟೆ ಸುತ್ತು ಬಂದು ಮುಗಿಸುವ ಕಡೆ ಗಿಟಾರ್‌ನ ಭಾರ ಬೀಳುವ ಹಾಗೆ ಮಾಡಿದರೆ, ದೆಹಲಿಯವರು ಮಾಡದ, ಜರ್ಮನಿಯವರು ಕೇಳದ ಒಂದು ಹೊಸ ಬ್ರೇಕ್‌ಡೌನ್ ಹುಟ್ಟುತ್ತದೆ. ತಂಡದಲ್ಲಿ ಡೋಲು ಜೊತೆಗಿದ್ದರೆ ತಗ್ಗಿನ ದನಿಗೂ ಕೊರತೆಯಿಲ್ಲ.

ಶುರುಮಾಡಲು ದೊಡ್ಡ ಬಂಡವಾಳವೇನೂ ಬೇಡ. ಸಂಗೀತ ಕಾರ್ಯಕ್ರಮದ ಟಿಕೆಟ್ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ, ಮೀರಿದರೆ 18%. ನಮ್ಮ ಊರಿನಲ್ಲಿ ಯಾರೂ ಐನೂರು ಕೊಟ್ಟು ಬರುವುದಿಲ್ಲ, ನೂರೈವತ್ತು ಇಟ್ಟರೆ ಸಾಕು. ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಹಾಗಾಗಿ ಸಂಜೆ ಐದಕ್ಕೆ ಶುರುಮಾಡಿ ಎಂಟೂವರೆಗೆ ಮುಗಿಸಿದರೆ ಚಿಂತಾಮಣಿ, ಗೌರಿಬಿದನೂರಿನಿಂದ ಬಂದ ಹುಡುಗಿಯರೂ ಬಸ್ ಹಿಡಿದು ಮನೆ ಸೇರಬಹುದು. ಕಾಲೇಜಿನ ಬಯಲು ರಂಗಮಂದಿರ, ಮದುವೆ ಮಂಟಪದ ಮಹಡಿ, ಎಲ್ಲಾದರೂ ಆದೀತು. ಶಾಮಿಯಾನದವರ ಬಳಿ ಇರುವ ಮೈಕ್‌ನಲ್ಲಿ ಹಾಡುಗಾರಿಕೆ ನಡೆದುಹೋಗುತ್ತದೆ. ಆದರೆ ತಮಟೆಯವರು ಕುಣಿಯುತ್ತ ನುಡಿಸುವುದರಿಂದ ನಿಲುಗಂಬದ ಮೈಕ್ ಪ್ರಯೋಜನಕ್ಕೆ ಬಾರದು. ತಮಟೆಯ ಅಂಚಿಗೆ ಕಚ್ಚಿಸುವ ಸಣ್ಣ ವೈರ್‌ಲೆಸ್ ಮೈಕನ್ನು ಬೆಂಗಳೂರಿನಿಂದ ಬಾಡಿಗೆಗೆ ತರಲೇಬೇಕು. ಚರ್ಮ ಕಾಯಿಸಲು ವೇದಿಕೆಯ ಪಕ್ಕ ಬಯಲಿನಲ್ಲಿ ಜಾಗ, ಹತ್ತಿರದಲ್ಲಿ ಒಂದು ಬಕೆಟ್ ನೀರು, ಹಾಡುಗಳ ನಡುವೆ ಮತ್ತೆ ಕಾಯಿಸಲು ಬಿಡುವು, ಇವನ್ನೆಲ್ಲ ಕಾರ್ಯಕ್ರಮದ ಪಟ್ಟಿ ಬರೆಯುವಾಗಲೇ ಸೇರಿಸಬೇಕು.

ಹಣದ ಮಾತನ್ನೂ ಮೊದಲೇ ಆಡಿಕೊಳ್ಳಬೇಕು. ಗಿಟಾರ್‌ನವರಿಗೆ ಎಷ್ಟೋ ತಮಟೆಯವರಿಗೂ ಅಷ್ಟೇ. ಅಭ್ಯಾಸಕ್ಕೆ ಬಂದ ದಿನದ ಕೂಲಿ ತಪ್ಪಿದ್ದರೆ ಅದನ್ನೂ ತುಂಬಿಕೊಡಬೇಕು. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆ ನುಡಿಸಿದವರಿಗೂ ರಾಯಧನದ ಹಕ್ಕು ಕೊಟ್ಟಿದೆ. ಹಾಡಿನ ತಾಳವನ್ನು ತಮಟೆಯವರೇ ಕಟ್ಟಿದ್ದರೆ ಅವರು ಸಂಯೋಜಕರೂ ಹೌದು. ಹಾಡನ್ನು ಆನ್‌ಲೈನಿಗೆ ಏರಿಸುವಾಗ ಸಂಯೋಜಕರು ಯಾರು ಎಂದು ಕೇಳುವ ಖಾನೆಯೊಂದು ಬರುತ್ತದೆ. ಗಿಟಾರ್ ನುಡಿಸಿದವರ ಹೆಸರಿನ ಪಕ್ಕದಲ್ಲಿ, ಅದೇ ಸಾಲಿನಲ್ಲಿ, ತಮಟೆಯವರ ಪೂರ್ತಿ ಹೆಸರನ್ನೂ ಊರನ್ನೂ ಬರೆಯಿರಿ.